ಬೆನ್ನಿನ ಬುಡದಲ್ಲಿ ಗಡ್ಡೆ: ಆಪರೇಷನ್ನಿಗೆ ಮುಂಚೆ ತಿಳಿದಿರಬೇಕಾದ್ದು

ಕುಳಿತರೆ ನೋವು, ಎದ್ದು ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ಹಗುರ. ಬಸ್ಸಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ವಾಲಿ ಕೂರುವುದು, ಕಚೇರಿಯ ಕುರ್ಚಿಗೆ ನಡುವೆ ತೂತಿರುವ ದಿಂಬು ಹಾಕಿಕೊಳ್ಳುವುದು, ರಾತ್ರಿ ಅಂಗಾತ ಮಲಗಲಾಗದೆ ಮಗ್ಗುಲು ಹುಡುಕುವುದು. ಬೆನ್ನುಮೂಳೆಯ ತಳದಲ್ಲಿ ಗಡ್ಡೆ ಬೆಳೆಯುತ್ತಿರುವ ಬಹಳ ಜನರ ಕಥೆ ಹೀಗೆ ಶುರುವಾಗುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ, ಇದಕ್ಕೆ ಬೇರೆ ಬೇರೆ ಹೆಸರು ಸಿಗುತ್ತಾ ಹೋಗುತ್ತವೆ: ಡಿಸ್ಕ್ ಜಾರಿದೆ, ಸಯಾಟಿಕಾ, ಹಿಂದೆಂದೋ ಜಾರಿ ಬಿದ್ದ ಪೆಟ್ಟು, ಮೂಲವ್ಯಾಧಿ, ವಾಯು. ಕೊನೆಗೊಂದು ದಿನ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣಿಸಿದಾಗ ಮನೆಯವರೆಲ್ಲ ಕಂಗಾಲಾಗಿ, "ನಾಳೆಯೇ ತೆಗೆಸಿಬಿಡೋಣ" ಎಂದು ಓಡುತ್ತಾರೆ.

ಆ ಓಟವನ್ನು ಒಂದಿಷ್ಟು ತಡೆಯಬೇಕೆಂಬುದೇ ಈ ಬರಹದ ಉದ್ದೇಶ. ಗಡ್ಡೆಯನ್ನು ಪತ್ತೆ ಮಾಡಲು ಅವಸರ ಬೇಕು, ಕತ್ತರಿಸಲು ಬೇಡ. ಇಲ್ಲಿನ ಗಡ್ಡೆಗಳಲ್ಲಿ ಮುಖ್ಯವಾದ ಕೆಲವು ನಿಧಾನವಾಗಿ ಬೆಳೆಯುವಂಥವು. ಸರಿಯಾದ ಆಸ್ಪತ್ರೆ, ಸರಿಯಾದ ತಂಡ ಹುಡುಕಲು ಎರಡು ಮೂರು ವಾರ ಹೋದರೆ ಸಾಮಾನ್ಯವಾಗಿ ನಷ್ಟವಿಲ್ಲ. ಆದರೆ ಮೊದಲ ಆಪರೇಷನ್ ಕೆಟ್ಟರೆ ಅದನ್ನು ಎರಡನೆಯದು ಪೂರ್ತಿ ಸರಿಪಡಿಸಲಾರದು.

ತಡವಾಗುವುದು ಎಲ್ಲಿ

ಮೊದಲು ಧೈರ್ಯದ ಮಾತು. ಸೊಂಟ ನೋವು, ಬಾಲಮೂಳೆಯ ನೋವು ಇರುವವರಲ್ಲಿ ಗಡ್ಡೆ ಇರುವುದು ತೀರಾ ಅಪರೂಪ. ಆದರೆ ನೋವು ವಾರಗಳು ಕಳೆದರೂ ಕಡಿಮೆಯಾಗದೆ ಏರುತ್ತಲೇ ಇದ್ದರೆ, ಮಲಗಿದಾಗಲೂ ಬಿಡದಿದ್ದರೆ, ಹೊಸದಾಗಿ ಮಲಬದ್ಧತೆ ಶುರುವಾಗಿದ್ದರೆ, ಮೂತ್ರ ಶುರುವಾಗಲು ತಿಣುಕಬೇಕಾದರೆ, ಗುದದ ಸುತ್ತ ಅಥವಾ ಕುಳಿತಾಗ ಸೀಟಿಗೆ ತಾಗುವ ಭಾಗದಲ್ಲಿ ಜೋಮು ಹಿಡಿದಂತಿದ್ದರೆ ಮಾತ್ರೆ ನುಂಗಿಕೊಂಡು ಕೂರಬಾರದು. ಮೂತ್ರ ಇದ್ದಕ್ಕಿದ್ದಂತೆ ಕಟ್ಟಿಕೊಂಡರೆ ಅಥವಾ ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಗೆ ಹೋದರೂ ಗಡ್ಡೆ ಕಣ್ತಪ್ಪಿಸಿಕೊಳ್ಳುವುದುಂಟು. ಈ ಭಾಗದ ಎಕ್ಸ್‌ರೇಯಲ್ಲಿ ಕರುಳಿನ ಗಾಳಿ, ಮಲದ ನೆರಳು ಮೂಳೆಯ ಮೇಲೆ ಬಿದ್ದು ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಇನ್ನು ಎಂಆರ್‌ಐ. ಸೊಂಟದ ಎಂಆರ್‌ಐ ಎಂದು ಚೀಟಿ ಬರೆದರೆ ಚಿತ್ರ ಸೊಂಟದ ಐದು ಮೂಳೆಗಳನ್ನೂ ಅದರ ಕೆಳಗಿನ ಮೂಳೆಯ ಮೇಲ್ಭಾಗವನ್ನೂ ತೋರಿಸಿ ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಗಡ್ಡೆ ಅದಕ್ಕಿಂತ ಕೆಳಗಿದ್ದರೆ ಚಿತ್ರದ ಚೌಕಟ್ಟಿನೊಳಗೇ ಬರುವುದಿಲ್ಲ. ವರದಿಯಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ ಎಂಬ ಸಾಲು ಮಾತ್ರ ಇರುತ್ತದೆ. ನಲವತ್ತು ದಾಟಿದ ಬಹಳ ಜನರ ವರದಿಯಲ್ಲಿ ಆ ಸಾಲು ಇದ್ದೇ ಇರುವುದರಿಂದ ಎಲ್ಲರೂ ಅದನ್ನೇ ಕಾರಣವೆಂದು ನಂಬುತ್ತಾರೆ. ಹಾಗಾಗಿ ನೋವು ಬಾಲಮೂಳೆಯ ಹತ್ತಿರ ಇದ್ದರೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: "ಡಾಕ್ಟ್ರೇ, ಈ ಸ್ಕ್ಯಾನಿನಲ್ಲಿ ಬಾಲಮೂಳೆ ತುದಿವರೆಗೆ ಬಂದಿದೆಯಾ?"

ಇದಕ್ಕಿಂತ ಸರಳವಾದ ಪರೀಕ್ಷೆ ಇನ್ನೊಂದಿದೆ. ವೈದ್ಯರು ಗ್ಲೌಸ್ ತೊಟ್ಟು ಗುದದೊಳಗೆ ಬೆರಳಿಟ್ಟು ಹಿಂಬದಿಯ ಮೂಳೆಯನ್ನು ತಡವಿ ನೋಡುವುದು. ಇಲ್ಲಿನ ಗಡ್ಡೆ ಸಾಮಾನ್ಯವಾಗಿ ಹಿಂದಕ್ಕಿಂತ ಮುಂದಕ್ಕೆ, ಅಂದರೆ ಮಲಾಶಯದ ಕಡೆಗೆ ಬೆಳೆಯುತ್ತದೆ. ಹೊರಗೆ ಬೆನ್ನು ನೋಡಿದರೆ ಏನೂ ಕಾಣದಿದ್ದರೂ ಬೆರಳಿಗೆ ಮೂಳೆಗೆ ಅಂಟಿಕೊಂಡ ಗಟ್ಟಿ ಉಬ್ಬು ಸಿಗುತ್ತದೆ. ಅರ್ಧ ನಿಮಿಷದ ಕೆಲಸ, ಖರ್ಚಿಲ್ಲ. ನಮ್ಮಲ್ಲಿ ರೋಗಿಗೂ ನಾಚಿಕೆ, ವೈದ್ಯರಿಗೂ ಹೊರರೋಗಿ ವಿಭಾಗದ ನೂಕುನುಗ್ಗಲು; ಹೀಗಾಗಿ ಈ ಪರೀಕ್ಷೆ ತಪ್ಪಿಹೋಗುತ್ತದೆ. ವೈದ್ಯರು ಮಾಡುತ್ತೇನೆಂದರೆ ದಯವಿಟ್ಟು ಬೇಡವೆನ್ನಬೇಡಿ.

ಯಾವ ಮೂಳೆ, ಯಾವ ನರ

ಸೊಂಟದ ಕೊನೆಯ ಮೂಳೆಯ ಕೆಳಗೆ, ಎರಡು ಪಿರ್ರೆಗಳ ನಡುವೆ, ತಲೆಕೆಳಗಾದ ತ್ರಿಕೋನದಂತಿರುವುದು ತ್ರಿಕಾಸ್ಥಿ. ಆಸ್ಪತ್ರೆಯಲ್ಲಿ ಸೇಕ್ರಮ್ ಎನ್ನುತ್ತಾರೆ. ಐದು ಕಶೇರುಗಳು ಬೆಸೆದುಕೊಂಡು ಆದ ಒಂದೇ ಮೂಳೆ ಅದು. ಅದರ ತುದಿಗೆ ಬಾಲಮೂಳೆ. ಮೈಮೇಲಿನ ಭಾರವೆಲ್ಲ ಕಾಲಿಗೆ ಇಳಿಯುವುದು ತ್ರಿಕಾಸ್ಥಿಯ ಮೇಲ್ಭಾಗದ ಮೂಲಕ. ಬೆನ್ನುಹುರಿ ಎಷ್ಟೋ ಮೇಲೆ ಮುಗಿದಿರುತ್ತದೆ. ಇಲ್ಲಿಗೆ ಬರುವುದು ಅದರಿಂದ ಇಳಿದ ನರಗಳು. ಅವಕ್ಕೆ ಎಸ್1ರಿಂದ ಎಸ್5ರವರೆಗೆ ಹೆಸರು, ಎಡಕ್ಕೊಂದು ಬಲಕ್ಕೊಂದು. ಎಸ್1 ಮುಖ್ಯವಾಗಿ ಪಾದವನ್ನು ಕೆಳಗೆ ಒತ್ತಿ ಮುಂದಕ್ಕೆ ಚಿಮ್ಮುವ ಶಕ್ತಿ ಕೊಡುತ್ತದೆ. ಎಸ್2, ಎಸ್3, ಎಸ್4 ಸೇರಿ ಮೂತ್ರ, ಮಲ ಮತ್ತು ಲೈಂಗಿಕ ಕ್ರಿಯೆಯನ್ನು ನೋಡಿಕೊಳ್ಳುತ್ತವೆ. ಮುಂದೆ ಹೇಳುವುದೆಲ್ಲ ಈ ನಾಲ್ಕು ಜೊತೆ ನರಗಳ ಲೆಕ್ಕವೇ.

ಎಲ್ಲ ಗಡ್ಡೆಯೂ ಒಂದೇ ಅಲ್ಲ

ಇಲ್ಲಿ ಕಾಣುವ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಿನವು ಬೇರೆಲ್ಲೋ ಹುಟ್ಟಿ ಇಲ್ಲಿಗೆ ಹರಡಿದವು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡದ ಕ್ಯಾನ್ಸರ್‌ಗಳು ಹೀಗೆ ಬರುತ್ತವೆ. ರಕ್ತಮಜ್ಜೆಯ ಮೈಲೋಮಾ ಕೂಡ ಇಲ್ಲಿ ಕಾಣಿಸಿಕೊಳ್ಳುತ್ತದೆ. ಇವಕ್ಕೆ ಸಾಮಾನ್ಯವಾಗಿ ಔಷಧ ಮತ್ತು ವಿಕಿರಣವೇ ದಾರಿ; ಮೂಳೆಯನ್ನೇ ತೆಗೆಯುವ ದೊಡ್ಡ ಆಪರೇಷನ್ ಬೇಕಾಗುವುದು ಅಪರೂಪ. ನರದ ಹೊದಿಕೆಯಿಂದ ಹುಟ್ಟುವ ಶ್ವಾನೋಮಾ ಎಂಬ ಸಾಧು ಗಡ್ಡೆಯೂ ಇದೆ. ಅದನ್ನು ಸುತ್ತಲಿನ ನರ ಉಳಿಸಿಕೊಂಡು ತುಂಡು ತುಂಡಾಗಿ ತೆಗೆದರೂ ನಡೆಯುತ್ತದೆ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ ಕಾಣುವ ಜಯಂಟ್ ಸೆಲ್ ಗಡ್ಡೆ ಕ್ಯಾನ್ಸರ್ ಅಲ್ಲ, ಆದರೆ ಮೂಳೆಯನ್ನು ತಿಂದು ಟೊಳ್ಳು ಮಾಡುತ್ತದೆ, ಮುಟ್ಟಿದರೆ ವಿಪರೀತ ರಕ್ತ ಸುರಿಸುತ್ತದೆ. ಇದಕ್ಕೆ ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದನ್ನು ಅಮೆರಿಕದ ಔಷಧ ಆಡಳಿತ 2013ರಲ್ಲಿ ಒಪ್ಪಿತು. ಅದರ ಜೊತೆಗೆ ಗಡ್ಡೆಯ ರಕ್ತನಾಳಗಳನ್ನು ಒಳಗಿನಿಂದಲೇ ಮುಚ್ಚುವ ಎಂಬೊಲೈಸೇಷನ್ ಸೇರಿಸಿ ಎಷ್ಟೋ ಯುವಕ ಯುವತಿಯರ ನರಗಳನ್ನು ಉಳಿಸಲು ಸಾಧ್ಯವಾಗಿದೆ.

ಶಸ್ತ್ರವೈದ್ಯರ ಪೂರ್ಣ ಕೌಶಲವನ್ನು ಬೇಡುವುದು ಕಾರ್ಡೋಮಾ. ಗರ್ಭದಲ್ಲಿರುವಾಗ ನಮ್ಮೆಲ್ಲರ ಬೆನ್ನುಮೂಳೆ ರೂಪುಗೊಳ್ಳುವುದಕ್ಕೆ ಮುಂಚೆ ನೋಟೋಕಾರ್ಡ್ ಎಂಬ ಮೆತ್ತನೆಯ ದಂಡವೊಂದು ಇರುತ್ತದೆ. ಆಮೇಲೆ ಅದು ಕರಗಿಹೋದರೂ ಒಂದಿಷ್ಟು ಜೀವಕೋಶಗಳು ತಲೆಬುರುಡೆಯ ತಳದಲ್ಲಿ, ಬೆನ್ನುಮೂಳೆಯ ತಳದಲ್ಲಿ ಉಳಿದುಬಿಡಬಹುದು. ದಶಕಗಳ ನಂತರ ಅವೇ ಗಡ್ಡೆಯಾಗುತ್ತವೆ. ಜರ್ಮನಿಯ ರುಡಾಲ್ಫ್ ವಿರ್ಖೋ 1857ರಲ್ಲಿ ಇದರ ಗುಳ್ಳೆಗುಳ್ಳೆಯಾದ ಜೀವಕೋಶಗಳನ್ನು ವರ್ಣಿಸಿದರು. ಮರುವರ್ಷವೇ ಹೈನ್ರಿಖ್ ಮ್ಯೂಲರ್ ಇದು ನೋಟೋಕಾರ್ಡಿನದ್ದೆಂದು ಊಹಿಸಿದರು. ಈಗ ಪ್ರಯೋಗಾಲಯದಲ್ಲಿ ಬ್ರಾಕಿಯೂರಿ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ರೋಗ. ಗಂಡಸರಲ್ಲಿ ಹೆಚ್ಚು, ಬಹುತೇಕ ನಲವತ್ತರ ನಂತರ. ಕೀಮೋಥೆರಪಿಗೆ ಸಾಮಾನ್ಯವಾಗಿ ಬಗ್ಗುವುದಿಲ್ಲ, ಮಾಮೂಲಿ ಪ್ರಮಾಣದ ವಿಕಿರಣಕ್ಕೂ ಬಗ್ಗುವುದಿಲ್ಲ.

ಈ ಗಡ್ಡೆಯ ಒಳಗು ಹೇಗಿರುತ್ತದೆ ಎಂದು ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಹೊರಗೆ ತೆಳ್ಳನೆಯ ಪೊರೆ, ಒಳಗೆ ತಾಟಿನುಂಗಿನ ತಿರುಳಿನಂತೆ ಬೂದುಬಿಳುಪಿನ, ಅರೆಪಾರದರ್ಶಕ ಲೋಳೆ. ಪೊರೆ ಎಲ್ಲಾದರೂ ಹರಿದರೆ ಒಳಗಿನದ್ದು ಹೊರಚೆಲ್ಲುತ್ತದೆ. ಚೆಲ್ಲಿದ ಪ್ರತಿ ಹನಿಯಲ್ಲೂ ಜೀವಂತ ಕೋಶಗಳಿರುತ್ತವೆ. ಅವು ಹತ್ತಿರದ ಸ್ನಾಯುವಿನಲ್ಲಿ, ಕೊಬ್ಬಿನಲ್ಲಿ ಬೇರೂರಿ ಎರಡು ವರ್ಷಕ್ಕೋ ಐದು ವರ್ಷಕ್ಕೋ ಮತ್ತೆ ಗಡ್ಡೆಗಳಾಗಿ ಏಳುತ್ತವೆ. ಆದ್ದರಿಂದ ಕಾರ್ಡೋಮಾವನ್ನು ಕೆರೆದು ತೆಗೆಯುವಂತಿಲ್ಲ, ತುಂಡು ಮಾಡಿ ತೆಗೆಯುವಂತಿಲ್ಲ. ಸುತ್ತಲೂ ಆರೋಗ್ಯವಂತ ಅಂಗಾಂಶದ ಒಂದು ಪದರ ಸೇರಿಸಿಕೊಂಡು, ಗಡ್ಡೆಯನ್ನು ಕಣ್ಣಿಗೂ ಕಾಣದಂತೆ ಒಳಗೇ ಮುಚ್ಚಿಟ್ಟುಕೊಂಡು, ಇಡಿಯಾಗಿ ಹೊರತೆಗೆಯಬೇಕು.

ಬಯಾಪ್ಸಿ: ಚಿಕ್ಕ ಸೂಜಿ, ದೊಡ್ಡ ನಿರ್ಧಾರ

ಗಡ್ಡೆ ಯಾವುದೆಂದು ಗೊತ್ತಾಗದೆ ಆಪರೇಷನ್ ಯೋಜನೆ ಮಾಡಲಾಗದು. ಅದಕ್ಕೆ ಬಯಾಪ್ಸಿ ಬೇಕು. ಸೂಜಿಯಿಂದ ಕ್ಯಾನ್ಸರ್ ಕೆರಳುತ್ತದೆ ಎಂಬ ಭಯ ನಮ್ಮ ಊರುಗಳಲ್ಲಿ ಬಹಳ. ಆ ಭಯಕ್ಕೆ ಬಯಾಪ್ಸಿಯನ್ನೇ ಬಿಡಬಾರದು. ಆದರೆ ಸೂಜಿ ಹೋಗುವ ದಾರಿ ಮಾತ್ರ ನಿಜಕ್ಕೂ ಮುಖ್ಯ. ಸರಿಯಾದ ದಾರಿಯೆಂದರೆ ಹಿಂದಿನಿಂದ, ನಟ್ಟನಡುವೆ, ಸಿಟಿ ಸ್ಕ್ಯಾನ್ ನೋಡಿಕೊಂಡು. ಮುಂದೆ ಆಪರೇಷನ್ ಮಾಡುವಾಗ ಚರ್ಮ ಕೊಯ್ಯುವ ಗೆರೆ ಅಲ್ಲೇ ಇರುವುದರಿಂದ ಸೂಜಿ ಹೋದ ಜಾಡನ್ನೂ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಬಹುದು.

ತಪ್ಪು ದಾರಿಯೆಂದರೆ ಮಲಾಶಯದ ಒಳಗಿನಿಂದ. ಬೆರಳಿಗೆ ಗಡ್ಡೆ ಅಷ್ಟು ಹತ್ತಿರ ಸಿಗುವುದರಿಂದ ಅಲ್ಲಿಂದಲೇ ಚುಚ್ಚಿಬಿಡುವ ಆಸೆಯಾಗುತ್ತದೆ. ಮಲಾಶಯಕ್ಕೂ ಗಡ್ಡೆಗೂ ನಡುವೆ ಗಟ್ಟಿಯಾದೊಂದು ಪರದೆ ಇದೆ. ಕಾರ್ಡೋಮಾ ಅದನ್ನು ತಾನಾಗಿ ದಾಟುವುದು ಕಡಿಮೆ. ಸೂಜಿ ಅದನ್ನು ತೂತು ಮಾಡಿದರೆ ಆರೋಗ್ಯವಾಗಿದ್ದ ಮಲಾಶಯವನ್ನೂ ಗಡ್ಡೆಯ ಜೊತೆ ತೆಗೆಯಬೇಕಾದ ಸ್ಥಿತಿ ಬರಬಹುದು. ಆದ್ದರಿಂದ ಬಯಾಪ್ಸಿ ಮಾಡುವವರೂ ಮುಂದೆ ಆಪರೇಷನ್ ಮಾಡುವವರೂ ಒಂದೇ ತಂಡದವರಾಗಿರುವುದು ಒಳ್ಳೆಯದು. ಅದು ಆಗದಿದ್ದರೆ ಆಪರೇಷನ್ ಮಾಡುವ ವೈದ್ಯರು ಹೇಳಿದ ಜಾಗದಲ್ಲಾದರೂ ಸೂಜಿ ಹೋಗಬೇಕು. ಬಯಾಪ್ಸಿಗೆ ಮುಂಚೆಯೇ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಏನು ಉಳಿಯುತ್ತದೆ, ಏನು ಹೋಗುತ್ತದೆ

ಕಾರ್ಡೋಮಾ ಎಂದು ಖಚಿತವಾದ ಮೇಲೆ ಎಂಆರ್‌ಐ ಚಿತ್ರವನ್ನು ಮುಂದಿಟ್ಟುಕೊಂಡು ವೈದ್ಯರು ಒಂದು ಗೆರೆ ಎಳೆಯುತ್ತಾರೆ: ಮೂಳೆಯನ್ನು ಎಲ್ಲಿ ಕತ್ತರಿಸಬೇಕು. ಆ ಗೆರೆ ಎಸ್3ಕ್ಕಿಂತ ಕೆಳಗಿದ್ದರೆ ಆಪರೇಷನ್ ಹಿಂದಿನಿಂದಷ್ಟೇ ಮುಗಿಯುತ್ತದೆ, ಹೆಚ್ಚಿನವರು ಮೊದಲಿನಂತೆಯೇ ಮಲಮೂತ್ರ ತಡೆದುಕೊಳ್ಳಬಲ್ಲರು. ಎರಡೂ ಕಡೆಯ ಎಸ್2 ಮತ್ತು ಕನಿಷ್ಠ ಒಂದು ಕಡೆಯ ಎಸ್3 ಉಳಿದರೆ ಹತೋಟಿ ಉಳಿಯುವ ಭರವಸೆ ಚೆನ್ನಾಗಿಯೇ ಇದೆ. ಎರಡೂ ಎಸ್3 ಹೋದರೆ ಕೆಲವರಿಗೆ ಉಳಿಯುತ್ತದೆ, ಹೆಚ್ಚು ಜನರಿಗೆ ತೊಂದರೆಯಾಗುತ್ತದೆ. ಎರಡೂ ಎಸ್2 ಹೋದರೆ ಸಹಜ ಹತೋಟಿ ಹೋಯಿತೆಂದೇ ತಿಳಿಯಬೇಕು. ಒಂದು ಸಂಗತಿ ಮಾತ್ರ ಸಮಾಧಾನ ತರುವಂಥದ್ದು: ಗಡ್ಡೆ ಒಂದೇ ಬದಿಗಿದ್ದು ಆ ಬದಿಯ ನರಗಳೆಲ್ಲ ಹೋದರೂ ಇನ್ನೊಂದು ಬದಿ ಪೂರ್ತಿ ಉಳಿದರೆ, ಬಹುಪಾಲು ಜನರಲ್ಲಿ ಮಲಮೂತ್ರದ ಹತೋಟಿ ಉಳಿಯುತ್ತದೆ.

ನಡಿಗೆಯ ಬಗ್ಗೆ ಜನ ಹೆಚ್ಚು ಹೆದರುತ್ತಾರೆ, ಆದರೆ ಅಲ್ಲಿ ಹೆದರಿಕೆ ಕಡಿಮೆ ಸಾಕು. ಎಸ್1 ಉಳಿದರೆ ನಡಿಗೆಗೆ ದೊಡ್ಡ ಭಂಗವಿಲ್ಲ. ಅದು ಹೋದರೂ ಕೋಲು ಅಥವಾ ವಾಕರ್ ಹಿಡಿದು ನಡೆಯುವವರಿದ್ದಾರೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬರ್ಟಿಲ್ ಸ್ಟೇನರ್ ಮತ್ತು ಬ್ಯೋರ್ನ್ ಗುಂಟರ್‌ಬರ್ಗ್ 1970ರ ದಶಕದಲ್ಲಿ ಈ ಪ್ರಶ್ನೆಯನ್ನು ಹಿಡಿದು ಕೂತರು. ಮೃತದೇಹಗಳ ಸೊಂಟದ ಮೂಳೆಗಳ ಮೇಲೆ ಭಾರ ಹೇರಿ ಅಳೆದರು. ತ್ರಿಕಾಸ್ಥಿಯ ಕೆಳಭಾಗವನ್ನು ಎಸ್1ರ ಕೆಳಗೆ ಕತ್ತರಿಸಿದರೆ ಸೊಂಟದ ಬಳೆಯ ಬಲ ಸುಮಾರು 30 ಶೇಕಡಾ ಕುಗ್ಗುತ್ತದೆ, ಎಸ್1ರ ನಡುವೆಯೇ ಕತ್ತರಿಸಿದರೆ ಸುಮಾರು 50 ಶೇಕಡಾ. ಅಷ್ಟಾದರೂ ನಿಂತ ಮನುಷ್ಯನ ಭಾರ ತಡೆಯಲು ಉಳಿದದ್ದು ಸಾಕು ಎಂದು ಕಂಡುಕೊಂಡರು. 1978ರಲ್ಲಿ ಅವರು ಪ್ರಕಟಿಸಿದ ಶಸ್ತ್ರಚಿಕಿತ್ಸೆಯ ಕ್ರಮವೇ ಇಂದಿನ ವಿಧಾನಗಳ ಬುನಾದಿ. ಪೂರ್ತಿ ತ್ರಿಕಾಸ್ಥಿಯನ್ನೇ ತೆಗೆಯಬೇಕಾದಾಗ ಮಾತ್ರ ಸೊಂಟದ ಕಶೇರುಗಳಿಗೂ ಪಕ್ಕದ ಎಲುಬುಗಳಿಗೂ ಸ್ಕ್ರೂ ಹಾಕಿ ರಾಡುಗಳಿಂದ ಜೋಡಿಸುತ್ತಾರೆ.

ಇಲ್ಲಿ ನಮ್ಮ ಮನೆಗಳ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ವೈದ್ಯರು ಅಣ್ಣನನ್ನೋ ಮಗನನ್ನೋ ಹೊರಗೆ ಕರೆದು ವಿಷಯ ತಿಳಿಸುತ್ತಾರೆ. ಅವರು ಒಳಗೆ ಬಂದು ರೋಗಿಗೆ "ಏನಿಲ್ಲ, ಸಣ್ಣ ಗಂಟು" ಎನ್ನುತ್ತಾರೆ. ಪ್ರೀತಿಯಿಂದಲೇ ಹಾಗೆನ್ನುವುದು, ಆದರೆ ಈ ಆಪರೇಷನ್ನಿನಲ್ಲಿ ಅದು ಅನ್ಯಾಯ. ನಾಳೆ ಮೂತ್ರದ ನಳಿಗೆ ಹಾಕಿಕೊಳ್ಳಲು ಕಲಿಯಬೇಕಾದವರು ರೋಗಿಯೇ. ಜೀವಕ್ಕೂ ನರಕ್ಕೂ ನಡುವೆ ಆಯ್ಕೆ ಬಂದಾಗ ಹೇಳಬೇಕಾದ ಮಾತು ಅವರದ್ದೇ. "ನನಗೆ ಎಷ್ಟನೇ ನರದವರೆಗೆ ಉಳಿಯುತ್ತೆ? ಒಳಗೆ ಹೋದಮೇಲೆ ಗಡ್ಡೆ ನರಕ್ಕೆ ಅಂಟಿದ್ದರೆ ನೀವು ಏನು ಮಾಡ್ತೀರಿ? ಮಲ ಹೋಗಲು ಹೊಟ್ಟೆಗೆ ಚೀಲ ಬರುತ್ತಾ, ಬಂದರೆ ಶಾಶ್ವತನಾ?" ಈ ಪ್ರಶ್ನೆಗಳನ್ನು ರೋಗಿ ತಾನೇ ಕೇಳಲಿ, ಉತ್ತರ ಅವರ ಮುಂದೆಯೇ ಬರಲಿ.

ಆಪರೇಷನ್ ದಿನ

ದೊಡ್ಡ ಗಡ್ಡೆಗೆ ಇಡೀ ದಿನದ ಕೆಲಸ, ಕೆಲವೊಮ್ಮೆ ಎರಡು ದಿನಕ್ಕೆ ಹಂಚುತ್ತಾರೆ. ಮೂಳೆ ಕ್ಯಾನ್ಸರಿನ ಅಥವಾ ಬೆನ್ನುಮೂಳೆಯ ಶಸ್ತ್ರವೈದ್ಯರ ಜೊತೆ ನರ, ಕರುಳು, ರಕ್ತನಾಳ, ಪ್ಲಾಸ್ಟಿಕ್ ಸರ್ಜರಿ ತಜ್ಞರು, ಅನುಭವಿ ಅರಿವಳಿಕೆ ತಜ್ಞರು ಬೇಕು. ಲೀಟರುಗಟ್ಟಲೆ ರಕ್ತ ಹೋಗಬಹುದಾದ್ದರಿಂದ ರಕ್ತನಿಧಿಯಲ್ಲಿ ಮುಂಚಿತವಾಗಿ ಯೂನಿಟ್‌ಗಳನ್ನು ಕಾದಿರಿಸಬೇಕು. ರಕ್ತ ಕೊಡಲು ನೆಂಟರಿಷ್ಟರು ಕೆಲವರು ಸಿದ್ಧರಿರಲಿ. ರಕ್ತ ಹೆಚ್ಚು ಹರಿಯುವ ಗಡ್ಡೆಗೆ ಒಂದೆರಡು ದಿನ ಮೊದಲು ಎಂಬೊಲೈಸೇಷನ್ ಮಾಡುತ್ತಾರೆ.

ಗಡ್ಡೆ ಮೇಲಕ್ಕೆ ಹಬ್ಬಿದ್ದರೆ ಮೊದಲು ಹೊಟ್ಟೆಯ ಕಡೆಯಿಂದ ತೆರೆಯುತ್ತಾರೆ. ಮಲಾಶಯವನ್ನು ಗಡ್ಡೆಯಿಂದ ಮೆಲ್ಲಗೆ ಬಿಡಿಸಿ ಮುಂದಕ್ಕೆ ಸರಿಸುತ್ತಾರೆ, ಗಡ್ಡೆಗೆ ಹೋಗುವ ರಕ್ತನಾಳಗಳನ್ನು ಕಟ್ಟುತ್ತಾರೆ. ಪ್ಲಾಸ್ಟಿಕ್ ಸರ್ಜನ್ ಹೊಟ್ಟೆಯ ಮುಂದಿನ ಉದ್ದ ಸ್ನಾಯುವೊಂದನ್ನು ಅದರ ರಕ್ತನಾಳ ಸಮೇತ ಎತ್ತಿ ಒಳಗೆ ಮಡಚಿಡುತ್ತಾರೆ, ಕೊನೆಯಲ್ಲಿ ಬೆನ್ನಿನ ಹಳ್ಳ ತುಂಬಲು. ಹೊಟ್ಟೆ ಮುಚ್ಚಿ, ರೋಗಿಯನ್ನು ಬೋರಲು ತಿರುಗಿಸುತ್ತಾರೆ.

ಈಗ ಹಿಂದಿನ ಕೆಲಸ. ಬಯಾಪ್ಸಿಯ ಕಲೆಯನ್ನು ಒಳಗೊಂಡು ಚರ್ಮ ಕೊಯ್ದು, ಪಿರ್ರೆಯ ಸ್ನಾಯುವನ್ನು ಮೂಳೆಯಿಂದ ಬಿಡಿಸುತ್ತಾರೆ. ಗಡ್ಡೆಯ ಮೇಲೆ ಆ ಸ್ನಾಯುವಿನ ಒಂದು ಪದರವನ್ನು ಬೇಕೆಂದೇ ಬಿಡುತ್ತಾರೆ. ಕಾರ್ಡೋಮಾ ಮರುಕಳಿಸುವುದು ಮೂಳೆಯ ತುದಿಗಿಂತ ಹೆಚ್ಚಾಗಿ ಪಕ್ಕದ ಈ ಸ್ನಾಯುಗಳಲ್ಲೇ ಆದ್ದರಿಂದ ಇಲ್ಲಿ ಜಿಪುಣತನ ಮಾಡುವಂತಿಲ್ಲ. ಗಡ್ಡೆಗಿಂತ ಮೇಲೆ ಮೂಳೆಯ ಛಾವಣಿ ತೆಗೆದಾಗ ನರಗಳು ಕಾಣುತ್ತವೆ, ಬಿಳಿಹಳದಿ ಎಳೆಗಳು. ತೆಳುವಾದ ಕಡ್ಡಿಯಿಂದ ಒಂದೊಂದಕ್ಕೂ ಸಣ್ಣ ವಿದ್ಯುತ್ ತಾಗಿಸುತ್ತಾರೆ. ಪಾದದಲ್ಲಿ, ಗುದದ ಸ್ನಾಯುವಿನಲ್ಲಿ ಮೊದಲೇ ಚುಚ್ಚಿಟ್ಟ ಸೂಜಿಗಳಿಂದ ಪರದೆಯ ಮೇಲೆ ಅಲೆ ಎದ್ದರೆ ಇದು ಎಸ್1, ಇದು ಎಸ್3 ಎಂದು ಗುರುತು ಸಿಗುತ್ತದೆ. ಉಳಿಸಬೇಕಾದವನ್ನು ಪಕ್ಕಕ್ಕೆ ಸರಿಸಿ, ಬಿಡಬೇಕಾದವನ್ನು ಕಟ್ಟಿ ಕತ್ತರಿಸುತ್ತಾರೆ. ನರಗಳ ಚೀಲವನ್ನು ಬಿಗಿಯಾಗಿ ಕಟ್ಟುತ್ತಾರೆ, ಇಲ್ಲವಾದರೆ ಅದರೊಳಗಿನ ದ್ರವ ಸೋರಿ ಗಾಯ ಒಣಗುವುದಿಲ್ಲ. ಆಮೇಲೆ ಮೂಳೆಗೆ ಉಳಿ. ಕೊನೆಯ ಪದರ ಕಡಿದಾಗ ಗಡ್ಡೆ, ಮೂಳೆ, ಬಾಲಮೂಳೆ ಎಲ್ಲ ಒಂದೇ ಉಂಡೆಯಾಗಿ ಕೈಗೆ ಬರುತ್ತದೆ. ಅದಕ್ಕೆ ಮೇಲೆ ಯಾವುದು, ಎಡ ಯಾವುದು ಎಂದು ದಾರದ ಗುರುತು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಂಚಿನಲ್ಲಿ ಗಡ್ಡೆಯ ಕೋಶ ಇದೆಯೇ ಇಲ್ಲವೇ ಎಂದು ಅಲ್ಲಿಂದ ಬರುವ ಒಂದು ಸಾಲಿನ ಉತ್ತರ, ಮುಂದಿನ ವರ್ಷಗಳ ಬಗ್ಗೆ ಬೇರೆ ಯಾವ ವರದಿಗಿಂತಲೂ ಹೆಚ್ಚು ಹೇಳುತ್ತದೆ.

ಕತ್ತರಿಸದೆ ಆಗುವುದಿಲ್ಲವೇ?

ಕೇಳಬೇಕಾದ ಪ್ರಶ್ನೆಯೇ. ಪ್ರೋಟಾನ್ ಮತ್ತು ಕಾರ್ಬನ್ ಅಯಾನ್ ಎಂಬ ವಿಕಿರಣಗಳು ಸುತ್ತಲಿನ ಕರುಳನ್ನು ಹೆಚ್ಚು ಸುಡದೆ ಗಡ್ಡೆಗೆ ಹೆಚ್ಚಿನ ಪ್ರಮಾಣ ತಲುಪಿಸಬಲ್ಲವು. ಜಪಾನಿನ ಚಿಬಾದಲ್ಲಿ 1994ರಿಂದ ಕಾರ್ಬನ್ ಚಿಕಿತ್ಸೆ ನಡೆಯುತ್ತಿದೆ. ಆಪರೇಷನ್ ಮಾಡಲಾಗದ ತ್ರಿಕಾಸ್ಥಿಯ ಕಾರ್ಡೋಮಾ ಇದ್ದ 188 ಜನರ ಬಗ್ಗೆ ಜಪಾನಿನ ವೈದ್ಯರು 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಐದು ವರ್ಷದ ನಂತರ ಬದುಕಿದ್ದವರು ಸುಮಾರು 81 ಶೇಕಡಾ, ಗಡ್ಡೆ ಅದೇ ಜಾಗದಲ್ಲಿ ಹತೋಟಿಯಲ್ಲಿದ್ದವರು ಸುಮಾರು 77 ಶೇಕಡಾ. ಗಡ್ಡೆ ಎತ್ತರದಲ್ಲಿದ್ದು ಆಪರೇಷನ್ ಮಾಡಿದರೆ ನರಗಳೆಲ್ಲ ಹೋಗುತ್ತವೆ ಎನ್ನುವವರಿಗೆ, ವಯಸ್ಸಾಗಿ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರದವರಿಗೆ ಇದು ನಿಜವಾದ ಆಯ್ಕೆ. ಕೆಳಗಿನ, ಪೂರ್ತಿ ತೆಗೆಯಬಹುದಾದ ಗಡ್ಡೆಗೆ ಮಾತ್ರ ಆಪರೇಷನ್ನೇ ಮೊದಲ ದಾರಿ ಎಂದು ನನ್ನ ತಿಳಿವಳಿಕೆ. ಎಷ್ಟೋ ಕಡೆ ಎರಡನ್ನೂ ಸೇರಿಸಿ ಮಾಡುತ್ತಾರೆ. ಭಾರತದಲ್ಲಿ ಪ್ರೋಟಾನ್ ಚಿಕಿತ್ಸೆ ಚೆನ್ನೈನ ಅಪೋಲೊದಲ್ಲಿ 2019ರಿಂದ ಇದೆ. ಟಾಟಾ ಸ್ಮಾರಕ ಕೇಂದ್ರದ ನವಿ ಮುಂಬೈ ಖಾರ್‌ಘರ್ ಘಟಕದಲ್ಲಿ 2023ರಲ್ಲಿ ಶುರುವಾಯಿತು.

ಎಲ್ಲಿಗೆ ಹೋಗುವುದು

ಆಸ್ಪತ್ರೆಯ ಕಟ್ಟಡ ನೋಡಬೇಡಿ, ಈ ಆಪರೇಷನ್ ಅಲ್ಲಿ ಆಗಾಗ ನಡೆಯುತ್ತದೆಯೇ ಎಂದು ಕೇಳಿ. "ಇಂಥ ಕೇಸು ನೀವು ಎಷ್ಟು ಮಾಡಿದ್ದೀರಿ?" ಎಂದರೆ ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ. ಮೂಳೆ ಕ್ಯಾನ್ಸರ್ ವಿಭಾಗ ಇರುವ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳೇ ಮೊದಲ ಆಯ್ಕೆ. ಕರ್ನಾಟಕದವರಿಗೆ ಬೆಂಗಳೂರಿನ ಕಿದ್ವಾಯಿ ಇದೆ, ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಗೂ ರೈಲಿನಲ್ಲಿ ಹೋಗಬಹುದು. ಹೋಗುವಾಗ ಎಂಆರ್‌ಐ ವರದಿಯ ಕಾಗದ ಮಾತ್ರ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕ್ ಎಂಬ ಮೇಣದ ತುಂಡನ್ನೂ ಪ್ರಯೋಗಾಲಯದಿಂದ ಕೇಳಿ ಪಡೆಯಿರಿ. ಅವು ನಿಮ್ಮವೇ.

ಹಣದ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಸೇರಿಕೊಳ್ಳುವ ಮೊದಲೇ ಅವರನ್ನು ಕಂಡು, ಸ್ಕ್ರೂ–ರಾಡು ಮತ್ತು ಪ್ಲಾಸ್ಟಿಕ್ ಸರ್ಜರಿ ಪ್ಯಾಕೇಜಿನೊಳಗೆ ಬರುತ್ತವೆಯೇ ಎಂದು ಕೇಳಿಕೊಳ್ಳಿ. ಬಿಲ್ ಏರುವುದು ಅಲ್ಲೇ. ಪರದೇಶದಲ್ಲಿರುವ ಕನ್ನಡಿಗರು ಮತ್ತು ಇಂಗ್ಲಿಷ್ ಓದಬಲ್ಲವರು ಅಮೆರಿಕದ ಕಾರ್ಡೋಮಾ ಫೌಂಡೇಶನ್‌ನಿಂದ ಉಚಿತವಾಗಿ ಮಾಹಿತಿ ಪಡೆಯಬಹುದು. ಕಾಲೇಜಿನಲ್ಲಿ ಓದುವಾಗಲೇ ಈ ರೋಗ ಬಂದ ಜಾಶ್ ಸೋಮರ್ ಮತ್ತು ವೈದ್ಯೆಯಾದ ಅವರ ತಾಯಿ ಸಿಮೋನ್ 2007ರಲ್ಲಿ ಕಟ್ಟಿದ ಸಂಸ್ಥೆ ಅದು.

ಮನೆಗೆ ಬಂದ ಮೇಲೆ

ಗಾಯದ ವಿಷಯದಲ್ಲಿ ತಾಳ್ಮೆ ಬೇಕು. ಗುದಕ್ಕೆ ಇಷ್ಟು ಹತ್ತಿರದ ದೊಡ್ಡ ಗಾಯ ಸುಲಭವಾಗಿ ಕೂಡುವುದಿಲ್ಲ. ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಸೋಂಕಾಗುವುದು ಅಥವಾ ಹೊಲಿಗೆ ಬಿಡುವುದು ಇದ್ದದ್ದೇ, ಅದರರ್ಥ ಆಪರೇಷನ್ ಕೆಟ್ಟಿತೆಂದಲ್ಲ. ವಾರಗಟ್ಟಲೆ ಕೂರುವಂತಿಲ್ಲ, ಅಂಗಾತ ಮಲಗುವಂತಿಲ್ಲ. ಗಾಳಿ ಹಾಸಿಗೆ ಬಾಡಿಗೆಗೆ ಸಿಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಇಬ್ಬರು ಬೇಕು: ಒಬ್ಬರು ಭುಜ, ಇನ್ನೊಬ್ಬರು ಸೊಂಟ ಹಿಡಿದು, ಮೈ ತಿರುಚದಂತೆ ಒಟ್ಟಿಗೇ ಹೊರಳಿಸಬೇಕು. ಜ್ವರ, ದುರ್ವಾಸನೆಯ ಕೀವು, ದಿಂಬು ನೆನೆಯುವಷ್ಟು ತಿಳಿನೀರು, ಮೀನಖಂಡ ಊದಿ ನೋಯುವುದು ಕಂಡರೆ ತಡಮಾಡದೆ ಫೋನ್ ಮಾಡಿ. ಭಾರತೀಯ ಶೈಲಿಯ ಶೌಚಾಲಯ ಸದ್ಯಕ್ಕೆ ಆಗದು. ಡಿಸ್ಚಾರ್ಜಿಗೆ ಮುಂಚೆಯೇ ಕಮೋಡ್ ಕುರ್ಚಿ ತಂದಿಡಿ.

ಮೂತ್ರಕೋಶ ಖಾಲಿಯಾಗದವರಿಗೆ ನಾಲ್ಕರಿಂದ ಆರು ಗಂಟೆಗೊಮ್ಮೆ ತಾವೇ ನಳಿಗೆ ಹಾಕಿಕೊಂಡು ಮೂತ್ರ ತೆಗೆಯುವ ಕ್ರಮವಿದೆ. ನರ್ಸ್‌ಗಳು ಸಿಐಸಿ ಎನ್ನುತ್ತಾರೆ. ಅಮೆರಿಕದ ಜ್ಯಾಕ್ ಲ್ಯಾಪಿಡೆಸ್ 1972ರಲ್ಲಿ ಇದನ್ನು ಬಳಕೆಗೆ ತಂದರು. ಸೋಪಿನಿಂದ ಕೈ ತೊಳೆದು, ನಳಿಗೆಗೆ ಜೆಲ್ ಹಚ್ಚಿ, ಮೆಲ್ಲಗೆ ಒಳಗೆ ಬಿಟ್ಟು, ಮೂತ್ರ ನಿಂತ ಮೇಲೆ ಹೊರತೆಗೆದರೆ ಆಯಿತು. ಹೆಂಗಸರು ಮೊದಲ ಕೆಲವು ದಿನ ಕನ್ನಡಿ ಇಟ್ಟುಕೊಂಡು ಕಲಿಯುತ್ತಾರೆ. ಒಂದು ವಾರದಲ್ಲಿ ಕೈಗೆ ಹತ್ತುವ ಕೆಲಸ ಇದು. ಶಾಶ್ವತವಾಗಿ ನಳಿಗೆ ಬಿಟ್ಟುಕೊಂಡಿರುವುದಕ್ಕಿಂತ ಸೋಂಕು ಕಡಿಮೆ, ಕೆಲಸಕ್ಕೆ ಹೋಗಬಹುದು, ಮದುವೆ ಮನೆಗೆ ಹೋಗಬಹುದು. ಹೊಟ್ಟೆಗೆ ಚೀಲ ಇಲ್ಲದವರಿಗೆ ಮಲದ ಹತೋಟಿಯನ್ನು ಅಭ್ಯಾಸದಿಂದ ತರಬೇಕು: ದಿನವೂ ಒಂದೇ ಹೊತ್ತು, ಊಟವಾದ ಅರ್ಧ ಗಂಟೆಗೆ, ಬೇಕಾದರೆ ಸಪೊಸಿಟರಿ ಇಟ್ಟು. ಮಲ ತೀರಾ ನೀರಾಗದಂತೆ, ಕಲ್ಲಾಗದಂತೆ ಊಟ ಹೊಂದಿಸಿಕೊಳ್ಳಬೇಕು. ಚೀಲ ಬಂದವರು ಅದನ್ನು ಸೋಲೆಂದು ತಿಳಿಯಬಾರದು. ಎಷ್ಟೋ ಜನರಿಗೆ ಚೀಲವೇ ಹೆಚ್ಚು ನಿಶ್ಚಿಂತೆ ಕೊಡುತ್ತದೆ.

ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶ ಹೋಗಿದ್ದರೆ ಬಿಸಿಲಿಗೆ ಕಾದ ಬೈಕ್ ಸೀಟು, ಬಿಸಿನೀರಿನ ಚೀಲ ಸುಟ್ಟರೂ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಕನ್ನಡಿಯಲ್ಲಿ ನೋಡಿಕೊಳ್ಳಿ ಅಥವಾ ಮನೆಯವರಿಂದ ನೋಡಿಸಿ.

ಲೈಂಗಿಕ ಜೀವನದ ಬಗ್ಗೆ ರೋಗಿ ಕೇಳುವುದಿಲ್ಲ, ವೈದ್ಯರೂ ಹೇಳುವುದಿಲ್ಲ. ಗಂಡಸರಲ್ಲಿ ನಿಮಿರುವಿಕೆ, ವೀರ್ಯಸ್ಖಲನ ಎರಡಕ್ಕೂ ತೊಂದರೆಯಾಗಬಹುದು, ಹೆಂಗಸರಲ್ಲಿ ಸ್ಪರ್ಶಸುಖ ಕಡಿಮೆಯಾಗಬಹುದು. ಮಾತ್ರೆ, ಚುಚ್ಚುಮದ್ದು, ಉಪಕರಣಗಳಿಂದ ಸಹಾಯವಿದೆ. ಮಕ್ಕಳಾಗಬೇಕೆಂದಿರುವ ಗಂಡಸರು ಆಪರೇಷನ್ನಿಗೆ ಮೊದಲೇ ವೀರ್ಯ ಶೇಖರಿಸಿಡುವ ಬಗ್ಗೆ ಕೇಳಬೇಕು. ಆಮೇಲೆ ಕೇಳಿದರೆ ದಾರಿ ಕಷ್ಟ.

ಹಸುಗೂಸುಗಳಲ್ಲಿ

ಬಾಲಮೂಳೆಯ ತುದಿಯಲ್ಲಿ ಗಡ್ಡೆಯೊಂದಿಗೆ ಹುಟ್ಟುವ ಮಕ್ಕಳಿದ್ದಾರೆ, 35ರಿಂದ 40 ಸಾವಿರ ಹೆರಿಗೆಗೆ ಒಂದು. ಹೆಣ್ಣುಮಕ್ಕಳಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಟೆರಟೋಮಾ ಎಂದು ಹೆಸರು. ಹೆಚ್ಚಿನವು ಹುಟ್ಟುವಾಗ ಸಾಧು ಗಡ್ಡೆಗಳೇ. ತಿಂಗಳುಗಳು ಕಳೆದಷ್ಟೂ ಕ್ಯಾನ್ಸರಾಗುವ ಅಪಾಯ ಏರುತ್ತದೆ. ಆದ್ದರಿಂದ ಮೇಲೆ ಹೇಳಿದ ನಿಧಾನ ಇಲ್ಲಿ ಸಲ್ಲದು. "ಮಗು ಸ್ವಲ್ಪ ದೊಡ್ಡದಾಗಲಿ" ಎಂದು ಅಜ್ಜಿಯರು ಹೇಳಿದರೂ ಮಕ್ಕಳ ಶಸ್ತ್ರವೈದ್ಯರು ಹೇಳಿದ ದಿನವೇ ಮಾಡಿಸಿ. ಗಡ್ಡೆಯ ಜೊತೆ ಬಾಲಮೂಳೆಯನ್ನೂ ತೆಗೆಯಲೇಬೇಕು. ಬಿಟ್ಟರೆ ಮತ್ತೆ ಬೆಳೆಯುತ್ತದೆ ಎಂದು ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಮತ್ತು ಜೊತೆಗಾರರು 1951ರಲ್ಲೇ ತೋರಿಸಿದ್ದಾರೆ. ಬಾಲಮೂಳೆ ಇಲ್ಲದೆ ಮಗು ಕೂರಲು, ಓಡಲು ಏನೂ ಅಡ್ಡಿಯಿಲ್ಲ. ನಂತರ ಮೂರು ವರ್ಷದವರೆಗಾದರೂ ಎಎಫ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸುತ್ತಿರಬೇಕು.

ತಪಾಸಣೆ

ಕಾರ್ಡೋಮಾ ಐದು ವರ್ಷದ ನಂತರವೂ ಮರಳಬಹುದು, ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಮೊದಲ ಐದು ವರ್ಷ ಸುಮಾರು ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸುವುದು ವಾಡಿಕೆ. ಆಗಾಗ ಎದೆಯ ಸ್ಕ್ಯಾನ್ ಕೂಡ. ಪ್ರತಿ ಸಲವೂ ಚೀಟಿಯಲ್ಲಿ "ತ್ರಿಕಾಸ್ಥಿ ಮತ್ತು ಪಿರ್ರೆಯ ಸ್ನಾಯುಗಳು ಪೂರ್ತಿ" ಎಂದು ಬರೆಸಿಕೊಳ್ಳಿ, ಸಾಧ್ಯವಾದರೆ ಅದೇ ಕೇಂದ್ರದಲ್ಲೇ ಮಾಡಿಸಿ, ಹಳೆಯ ಸಿಡಿ ಜೊತೆಗಿರಲಿ. ಆಪರೇಷನ್ ಟಿಪ್ಪಣಿಯ ಪ್ರತಿಯನ್ನು, ಅದರಲ್ಲಿ ಯಾವ ನರ ಉಳಿಸಿದೆ ಎಂದು ಬರೆದ ಪುಟ ಸಮೇತ, ಡಿಸ್ಚಾರ್ಜ್ ಸಮ್ಮರಿಯ ಜೊತೆ ಒಂದೇ ಫೈಲಿನಲ್ಲಿಡಿ. ಮುಂದೆ ಯಾವ ಊರಿನ ಯಾವ ವೈದ್ಯರು ನೋಡಿದರೂ ಮೊದಲು ಕೇಳುವುದು ಆ ಪುಟವನ್ನೇ.